ಮಳೆ ರಜೆಯಲ್ಲೂ ಮನೆ ತಲುಪುವ ಸ್ಲೈಡುಗಳು

ಸಕಲೇಶಪುರ ತಾಲ್ಲೂಕಿನ ಘಟ್ಟದಂಚಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಜುಲೈ ಬಂತೆಂದರೆ ಇಲ್ಲಿ ಪಾಠದ ಲೆಕ್ಕವೇ ಬೇರೆ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ನಾಳೆ ರಜೆ ಎಂಬ ಆದೇಶ ಹಿಂದಿನ ರಾತ್ರಿ ಮೊಬೈಲಿಗೆ ಬರುತ್ತದೆ. ರಜೆ ಇಲ್ಲದ ದಿನಗಳಲ್ಲೂ ಹಳ್ಳ ದಾಟಿ ಬರಬೇಕಾದ ಮಕ್ಕಳ ಜಾಗ ಖಾಲಿ ಇರುತ್ತದೆ. ಹೀಗೆ ತಪ್ಪಿಹೋದ ಪಾಠವನ್ನು ಆ ಮಗುವಿಗೆ ಮತ್ತೆ ಒದಗಿಸುವುದು ಹೇಗೆಂದು ಯೋಚಿಸುತ್ತಲೇ ನಾನು ಆನ್‌ಲೈನ್ ಸ್ಲೈಡುಗಳ ಕಡೆಗೆ ಬಂದೆ.

ನಮ್ಮಲ್ಲಿ ಬಹಳಷ್ಟು ಶಿಕ್ಷಕರು ಪಿಪಿಟಿ, ಅಂದರೆ ಪವರ್‌ಪಾಯಿಂಟಿನ ಸ್ಲೈಡುಗಳನ್ನು ಮಾಡುತ್ತಾರೆ. ಅದು ಪೆನ್‌ಡ್ರೈವಿನಲ್ಲಿ ತರಗತಿಗೆ ಬಂದು, ನಲವತ್ತು ನಿಮಿಷ ಗೋಡೆಯ ಮೇಲೆ ಬೆಳಗಿ, ಮತ್ತೆ ಪೆನ್‌ಡ್ರೈವಿನಲ್ಲೇ ಹೊರಟುಹೋಗುತ್ತದೆ. ಅದೇ ಸ್ಲೈಡುಗಳನ್ನು ಅಂತರ್ಜಾಲದಲ್ಲಿ ಇಟ್ಟು ಅದರ ಲಿಂಕನ್ನು ಹಂಚಿದರೆ ಪಾಠಕ್ಕೆ ಒಂದು ಕಾಯಂ ವಿಳಾಸ ಸಿಕ್ಕಂತಾಗುತ್ತದೆ. ತಪ್ಪಿದವರು ಆಮೇಲೆ ನೋಡಬಹುದು, ಅರ್ಥವಾಗದವರು ಮತ್ತೊಮ್ಮೆ ನೋಡಬಹುದು, ತಪ್ಪನ್ನು ಒಂದೇ ಕಡೆ ತಿದ್ದಿದರೆ ಎಲ್ಲರ ಕಡೆಯೂ ತಿದ್ದಿದಂತಾಗುತ್ತದೆ. ಇದರ ಬೆಲೆ ನನಗೆ ಅರಿವಾದದ್ದು 2023ರ ಸೆಪ್ಟೆಂಬರಿನಲ್ಲಿ. ಹೊಯ್ಸಳರ ಪಾಠದ ನನ್ನ ಸ್ಲೈಡಿನಲ್ಲಿ ಬೇಲೂರು, ಹಳೇಬೀಡುಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ ಎಂದು ಬರೆದಿತ್ತು. 2014ರಿಂದ ಅವು ಅಲ್ಲೇ ಇದ್ದವು. ಆ ತಿಂಗಳು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂದು ಸಂಜೆಯೇ ಒಂದು ಸಾಲು ತಿದ್ದಿದೆ. ಲಿಂಕ್ ಇದ್ದ ಮಕ್ಕಳಿಗೆಲ್ಲ ಮರುದಿನ ಹೊಸ ಸಾಲೇ ಕಂಡಿತು. ಪೆನ್‌ಡ್ರೈವಿನಲ್ಲಿ ನಕಲು ಮಾಡಿಕೊಂಡಿದ್ದ ಸಹೋದ್ಯೋಗಿಯೊಬ್ಬರು ಮಾತ್ರ ಮುಂದಿನ ವರ್ಷವೂ ಹಳೆಯದನ್ನೇ ತೋರಿಸುತ್ತಿದ್ದರು.

ಈ ಲೇಖನ ಹಾಸನ, ಚಿಕ್ಕಮಗಳೂರು ಕಡೆಯ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಗುಡ್ಡದ ಒಂದು ಮಗ್ಗುಲಿಗೆ ಮಾತ್ರ ಸಿಗುತ್ತದೆ, ಮನೆಯಲ್ಲಿ ಇರುವುದು ಒಂದೇ ಮೊಬೈಲ್, ಅದು ಸಂಜೆಯವರೆಗೆ ಅಪ್ಪನ ಜೇಬಿನಲ್ಲಿ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ನಾನು ಕೇಳಿಕೊಳ್ಳುವುದು ಒಂದೇ: ತೋಟದ ಲೈನ್‌ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಇರುವ, ಅತಿ ಸಾಧಾರಣ ಮೊಬೈಲಿನ ಮಗುವಿಗೆ ಇದು ತೆರೆಯುತ್ತದೆಯೇ?

ಯಾವ ಸಾಧನ?

ಇದಕ್ಕಾಗಿ ಹೆಚ್ಚು ಹೊತ್ತು ಕಳೆಯಬೇಡಿ. ಗೂಗಲ್ ಸ್ಲೈಡ್ಸ್ ಸಾಕು. ಆಂಡ್ರಾಯ್ಡ್ ಮೊಬೈಲ್ ಬಳಸುವವರಿಗೆ ಗೂಗಲ್ ಖಾತೆ ಹೇಗೂ ಇರುತ್ತದೆ, 15 ಜಿಬಿ ಜಾಗ ಉಚಿತ, ನೋಡುವ ಮಗುವಿಗೆ ಖಾತೆಯೇ ಬೇಕಿಲ್ಲ. ಪವರ್‌ಪಾಯಿಂಟ್ ಕೈಗೆ ಕೂತಿದ್ದರೆ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಕೂಡ ಇದೇ ಕೆಲಸ ಮಾಡುತ್ತದೆ. ಅಲ್ಲಿ ಉಚಿತ ಜಾಗ 5 ಜಿಬಿ. ಕ್ಯಾನ್ವಾದಲ್ಲಿ ಚಂದದ ಮಾದರಿಗಳಿವೆ, ಶಾಲಾ ಶಿಕ್ಷಕರೆಂದು ದೃಢಪಡಿಸಿದರೆ ಅದರ ಶಿಕ್ಷಣ ಆವೃತ್ತಿ ಉಚಿತವಾಗಿ ಸಿಗುತ್ತದೆ. ಆದರೆ ದುರ್ಬಲ ನೆಟ್‌ವರ್ಕಿನಲ್ಲಿ ಅದು ನನಗೆ ಭಾರವೆನಿಸಿದೆ.

ಸ್ಲೈಡ್‌ಶೇರ್ ಬೇರೆ ಬಗೆಯದು. ಅದು ಲೋಕಕ್ಕೆಲ್ಲ ತೆರೆದಿಟ್ಟ ಗ್ರಂಥಾಲಯವಿದ್ದಂತೆ. ಪಾಠಕ್ಕೆ ತಯಾರಾಗುವಾಗ ಇತರರು ಅದೇ ವಿಷಯವನ್ನು ಹೇಗೆ ಜೋಡಿಸಿದ್ದಾರೆ ಎಂದು ನೋಡಲು ಬಹಳ ಉಪಯುಕ್ತ. ನಮ್ಮ ತರಗತಿಯ ಸ್ಲೈಡುಗಳನ್ನು, ಅದರಲ್ಲೂ ಮಕ್ಕಳ ಕೆಲಸವನ್ನು, ಅಲ್ಲಿ ಹಾಕಬೇಕಾಗಿಲ್ಲ. ಅದು 2006ರಲ್ಲಿ ಆರಂಭವಾಗಿ, 2012ರಲ್ಲಿ ಲಿಂಕ್ಡ್‌ಇನ್ ಪಾಲಾಗಿ, 2020ರಲ್ಲಿ ಸ್ಕ್ರಿಬ್ಡ್ ಎಂಬ ಕಂಪನಿಯ ಕೈಗೆ ಹೋಯಿತು. ಗೂಗಲ್ಲಿನದೇ ಆನ್‌ಲೈನ್ ಬರೆಯುವ ಹಲಗೆ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿಹೋಯಿತು. ಇದರಿಂದ ನಾನು ರೂಢಿಸಿಕೊಂಡ ಅಭ್ಯಾಸವೆಂದರೆ, ಯಾವ ಸಾಧನವಾದರೂ ಸರಿ, ಪಾಠದ ಒಂದು ಪಿಡಿಎಫ್ ನನ್ನ ಬಳಿಯೇ ಇರಬೇಕು.

ಮೊದಲು ಏನನ್ನು ತೋರಿಸಬೇಕೆಂದು ತೀರ್ಮಾನಿಸಿ

ಕಪ್ಪುಹಲಗೆಯಲ್ಲಿ ಆಗುವ ಕೆಲಸಕ್ಕೆ ಸ್ಲೈಡ್ ಬೇಡ. ಪಠ್ಯಪುಸ್ತಕದ ಸಾಲುಗಳನ್ನೇ ಸ್ಲೈಡಿಗೆ ಸುರಿದರೆ ಮಗು ಅದನ್ನು ನಕಲು ಮಾಡಿಕೊಳ್ಳುತ್ತಾ ಕೂರುತ್ತದೆ, ನಮ್ಮ ಮಾತು ಕಿವಿಗೆ ಬೀಳುವುದಿಲ್ಲ.

ಹಲಗೆಯಲ್ಲಿ ಆಗದ್ದು ಯಾವುದು? ನಮ್ಮೂರಿನ ಪಕ್ಕದ ಮಂಜರಾಬಾದ್ ಕೋಟೆಯನ್ನೇ ತೆಗೆದುಕೊಳ್ಳಿ. ಟಿಪ್ಪು ಕಟ್ಟಿಸಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ನಮ್ಮ ಮಕ್ಕಳು ಅದರ ಗೋಡೆಯ ಮೇಲೆ ಎಷ್ಟೋ ಸಲ ನಡೆದಿದ್ದಾರೆ, ನಕ್ಷತ್ರವನ್ನು ಮಾತ್ರ ಕಂಡಿರಲಿಲ್ಲ. ಅದು ಕಾಣುವುದು ಮೇಲಿನಿಂದ. ಉಪಗ್ರಹ ಚಿತ್ರವೊಂದನ್ನು ಸ್ಲೈಡಿನಲ್ಲಿ ಹಾಕಿ, ‘ಇದು ಯಾವ ಜಾಗ?’ ಎಂದಷ್ಟೇ ಕೆಳಗೆ ಬರೆದಿದ್ದೆ. ತರಗತಿ ಎರಡು ನಿಮಿಷ ಸುಮ್ಮನಿತ್ತು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಮೇಡಂ, ಇದು ನಮ್ಮ ಕೋಟೆ, ಅಲ್ಲಿ ಕಾಣುವುದು ಹೆದ್ದಾರಿ’ ಎಂದಳು. ಆ ಒಂದು ಸ್ಲೈಡ್ ಇಡೀ ಅವಧಿಯನ್ನು ನಡೆಸಿತು. ಮೂಲೆಗಳು ಯಾಕೆ ಹೊರಚಾಚಿವೆ, ಅಲ್ಲಿ ನಿಂತವರಿಗೆ ಗೋಡೆಯ ಬುಡದವರೆಗೂ ಕಾಣುವುದರಿಂದ ಏನು ಲಾಭ ಎಂಬುದನ್ನು ಮಕ್ಕಳೇ ಹೇಳಿದರು.

ಬೇಲೂರಿನ ಮದನಿಕೆಯ ಕೈಬಳೆಯ ಕೆತ್ತನೆ, ಹಲ್ಮಿಡಿ ಶಾಸನದ ಅಕ್ಷರಗಳ ಹತ್ತಿರದ ನೋಟ, ಹಾಸನದಲ್ಲೇ ಇರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ ದೊಡ್ಡ ಆ್ಯಂಟೆನಾಗಳು: ಇಂಥವು ಸ್ಲೈಡಿಗೆ ಒಪ್ಪುತ್ತವೆ. ನಲವತ್ತು ನಿಮಿಷದ ಅವಧಿಗೆ ಎಂಟು ಹತ್ತು ಸ್ಲೈಡ್ ಮೀರಬಾರದು ಎಂದು ನಾನು ಮಿತಿ ಹಾಕಿಕೊಂಡಿದ್ದೇನೆ. ಒಂದು ಸ್ಲೈಡಿಗೆ ಒಂದು ಚಿತ್ರ, ಒಂದು ಪ್ರಶ್ನೆ. ಉತ್ತರ ಅದರ ಮುಂದಿನ ಸ್ಲೈಡಿನಲ್ಲಿ.

ಕನ್ನಡ ಅಕ್ಷರಗಳ ವಿಷಯ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕನ್ನಡ ಮಾಧ್ಯಮದ ಶಿಕ್ಷಕರು ಆನ್‌ಲೈನಿಗೆ ಬಂದಾಗ ಮೊದಲು ಎಡವುವುದು ಇಲ್ಲೇ. ನುಡಿ, ಬರಹ ತಂತ್ರಾಂಶಗಳಲ್ಲಿ ಹಿಂದೆ ಟೈಪ್ ಮಾಡಿಟ್ಟ ಕಡತಗಳಲ್ಲಿ ಬಹಳಷ್ಟು ಯೂನಿಕೋಡ್ ಅಲ್ಲ. ಆ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿರುತ್ತದೆ. ಆ ಅಕ್ಷರಶೈಲಿ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿರುವುದರಿಂದ ಯಾವ ಮೊಬೈಲಿನಲ್ಲೂ ಓದಬಹುದು.

ಹಾಗಾಗಿ ಹಳೆಯ ಪಿಪಿಟಿಯನ್ನು ಗೂಗಲ್ ಡ್ರೈವಿಗೆ (ನಿಮ್ಮ ಗೂಗಲ್ ಖಾತೆಯ ಕಡತಗಳ ಜಾಗಕ್ಕೆ) ಏರಿಸುವ ಮುನ್ನ ಪರೀಕ್ಷಿಸಿ. ಒಂದು ಸಾಲನ್ನು ನಕಲು ಮಾಡಿ ನಿಮಗೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳಿ. ಕನ್ನಡವಾಗಿ ಕಂಡರೆ ಯೂನಿಕೋಡ್. ಚಿಹ್ನೆಗಳು ಕಂಡರೆ ಆ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಬದಲಿಸಿಕೊಳ್ಳಬೇಕು. ನುಡಿ ಮತ್ತು ಬರಹದ ಈಚಿನ ಆವೃತ್ತಿಗಳಲ್ಲಿ ಯೂನಿಕೋಡಿನಲ್ಲೇ ಟೈಪ್ ಮಾಡುವ ಆಯ್ಕೆ ಇದೆ, ಕೀಲಿಮಣೆಯ ಅಭ್ಯಾಸ ಬದಲಿಸಬೇಕಾಗಿಲ್ಲ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ‘ವಿಷ್ಣುವರ್ಧನ’, ‘ರಾಷ್ಟ್ರಕೂಟ’ ಇಂಥ ಪದಗಳಲ್ಲಿ ತಪ್ಪು ನುಸುಳುತ್ತದೆ.

ಗೂಗಲ್ ಸ್ಲೈಡ್ಸಿನ ಅಕ್ಷರಶೈಲಿಗಳ ಪಟ್ಟಿಯಲ್ಲಿ ‘ಮೋರ್ ಫಾಂಟ್ಸ್’ ಒತ್ತಿ, ಲಿಪಿಗಳ ಪಟ್ಟಿಯಿಂದ ಕನ್ನಡವನ್ನು ಆರಿಸಿದರೆ ಕನ್ನಡದವು ಮಾತ್ರ ಕಾಣುತ್ತವೆ. ಓದಿಗೆ ನೋಟೊ ಸಾನ್ಸ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ. ಈ ಎರಡನ್ನು ಬಿಟ್ಟು ನಾನು ಬೇರೆ ಕಡೆ ಹೋಗುವುದಿಲ್ಲ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗಾತ್ರ 28ಕ್ಕಿಂತ ಕಡಿಮೆ ಬೇಡ. ಮುಂದಿನ ಬೆಂಚಿನಿಂದ ನೋಡಿ ಸರಿಯಿದೆ ಎನ್ನಬೇಡಿ. ಕೊನೆಯ ಬೆಂಚಿನಲ್ಲಿ, ಕಿಟಕಿಯ ಬೆಳಕು ಬೀಳುವ ಮೂಲೆಯಲ್ಲಿ ಕುಳಿತು ನೋಡಿ.

ಚಿತ್ರಗಳ ಭಾರ ಇಳಿಸಿ

ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಸುಮಾರು ಮೂರರಿಂದ ಐದು ಎಂಬಿ ಇರುತ್ತದೆ. ಅಂಥ ಹತ್ತು ಫೋಟೋ ಹಾಕಿದರೆ ಕಡತ ಮೂವತ್ತು ಎಂಬಿ ದಾಟಿತು. ದಿನಕ್ಕೆ ಇಷ್ಟೇ ಡೇಟಾ ಎಂದು ಲೆಕ್ಕವಿಟ್ಟು ಬಳಸುವ ಮನೆಗೆ ಅದು ದೊಡ್ಡ ಖರ್ಚು. ಅಷ್ಟಕ್ಕೂ ಆ ದೊಡ್ಡ ಚಿತ್ರದಿಂದ ತರಗತಿಗೂ ಲಾಭವಿಲ್ಲ. ಶಾಲೆಗಳಲ್ಲಿರುವ ಎಷ್ಟೋ ಪ್ರೊಜೆಕ್ಟರುಗಳು ತೋರಿಸುವುದು ಅಗಲಕ್ಕೆ 1,280 ಪಿಕ್ಸೆಲ್‌ ಅಥವಾ ಅದಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ಇರುವುದೆಲ್ಲ ಗೋಡೆಗೆ ತಲುಪುವ ಮೊದಲೇ ವ್ಯರ್ಥವಾಗುತ್ತದೆ. ಚಿತ್ರವನ್ನು ಮೊದಲೇ 1,280 ಪಿಕ್ಸೆಲ್ ಅಗಲಕ್ಕೆ ಇಳಿಸಿ ಸೇರಿಸಿ. ಸುಲಭದ ದಾರಿ ಒಂದಿದೆ: ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ನಿಮಗೇ ಕಳಿಸಿಕೊಂಡು, ಆ ಪ್ರತಿಯನ್ನು ಬಳಸಿ. ಅದು ತಾನಾಗಿ ಸಣ್ಣದಾಗಿರುತ್ತದೆ.

ಸ್ಲೈಡುಗಳು ತಯಾರಾದ ಮೇಲೆ ಪಿಡಿಎಫ್ ಮಾಡಿ ಅದರ ತೂಕ ನೋಡಿ. ಮೂರು ನಾಲ್ಕು ಎಂಬಿಯ ಒಳಗಿದ್ದರೆ ಯಾವ ಮೊಬೈಲಿಗೂ ಹೋಗುತ್ತದೆ. ಮೀರಿದ್ದರೆ ಯಾವ ಚಿತ್ರ ಭಾರವೆಂದು ಹುಡುಕಿ ಬದಲಿಸಿ.

ಲಿಂಕ್ ಕೊಡುವ ಮುನ್ನ

ಸ್ಲೈಡಿನ ಮೇಲ್ತುದಿಯಲ್ಲಿ ‘ಶೇರ್’ ಗುಂಡಿ ಇದೆ. ಅದನ್ನು ಒತ್ತಿದರೆ ಕೆಳಗಡೆ ‘ರೆಸ್ಟ್ರಿಕ್ಟೆಡ್’ ಎಂದಿರುತ್ತದೆ, ಅಂದರೆ ನೀವು ಹೆಸರಿಸಿದವರಿಗೆ ಮಾತ್ರ. ಅದನ್ನು ‘ಎನಿವನ್ ವಿತ್ ದ ಲಿಂಕ್’ ಎಂದು ಬದಲಿಸಬೇಕು. ಈ ಬದಲಾವಣೆ ಮರೆತು ಲಿಂಕ್ ಕಳಿಸಿದರೆ ಮಕ್ಕಳಿಗೆ ಅನುಮತಿ ಕೇಳುವ ಪರದೆ ಕಾಣುತ್ತದೆ, ನಿಮ್ಮ ಇಮೇಲಿಗೆ ರಾತ್ರಿಯಿಡೀ ಕೋರಿಕೆಗಳು ಬರುತ್ತವೆ. ಅದರ ಪಕ್ಕದಲ್ಲೇ ಮೂರು ಆಯ್ಕೆ. ‘ವ್ಯೂವರ್’ ನೋಡಬಲ್ಲರು. ‘ಕಮೆಂಟರ್’ ಅಂಚಿನಲ್ಲಿ ಅಭಿಪ್ರಾಯ ಬರೆಯಬಲ್ಲರು. ‘ಎಡಿಟರ್’ ಎಲ್ಲವನ್ನೂ ಬದಲಿಸಬಲ್ಲರು, ಅಳಿಸಬಲ್ಲರು.

ತರಗತಿಯ ಗುಂಪಿಗೆ ಯಾವಾಗಲೂ ‘ವ್ಯೂವರ್’ ಲಿಂಕ್ ಮಾತ್ರ. ಮೊದಲ ವರ್ಷ ನಾನು ಅವಸರದಲ್ಲಿ ‘ಎಡಿಟರ್’ ಎಂದು ಬಿಟ್ಟು ಪೋಷಕರ ಗುಂಪಿಗೆ ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ತೆರೆದಾಗ ಅರ್ಧದಷ್ಟು ಸ್ಲೈಡುಗಳಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ಪುಟ್ಟ ತಂಗಿ ತಮ್ಮಂದಿರ ಕೈಗೆ ಸಿಕ್ಕಿರಬೇಕು. ಆಗ ಕಾಪಾಡಿದ್ದು ‘ಫೈಲ್’ ಪಟ್ಟಿಯಲ್ಲಿರುವ ‘ವರ್ಷನ್ ಹಿಸ್ಟರಿ’. ಅದರಲ್ಲಿ ಹಿಂದಿನ ದಿನದ ಸಮಯವನ್ನು ಆರಿಸಿ ಮರಳಿ ಸ್ಥಾಪಿಸಿದರೆ ಎಲ್ಲವೂ ಮೊದಲಿನಂತೆ ಬರುತ್ತದೆ. ಇದನ್ನು ಪ್ರತಿಯೊಬ್ಬ ಶಿಕ್ಷಕರೂ ಒಮ್ಮೆ ಮಾಡಿ ನೋಡಿಕೊಂಡಿರಲಿ. ಆಪತ್ತಿನ ದಿನ ಹುಡುಕುತ್ತಾ ಕೂರುವಂತಾಗಬಾರದು.

ಇನ್ನೊಂದು ಎಚ್ಚರಿಕೆ. ಸ್ಲೈಡಿನ ಕೆಳಗೆ ಶಿಕ್ಷಕರ ಟಿಪ್ಪಣಿಗೆ ಜಾಗವಿದೆ. ಹಾಗೆ ಹಂಚಿದ ಲಿಂಕಿನಲ್ಲಿ ನೋಡುವವರಿಗೂ ಆ ಟಿಪ್ಪಣಿ ಕಾಣುತ್ತದೆ. ಕಿರುಪರೀಕ್ಷೆಯ ಉತ್ತರಗಳನ್ನೋ, ಯಾವ ಮಗುವಿಗೆ ಹೆಚ್ಚು ಗಮನ ಬೇಕೆಂಬುದನ್ನೋ ಅಲ್ಲಿ ಬರೆಯಬೇಡಿ.

ಸಹಶಿಕ್ಷಕರಿಗೆ ಕೊಡುವಾಗ ಬೇರೆ ಉಪಾಯ ಮಾಡಿ. ಲಿಂಕಿನ ತುದಿಯಲ್ಲಿ ‘ಎಡಿಟ್’ ಎಂಬ ಇಂಗ್ಲಿಷ್ ಪದ ಇರುತ್ತದೆ. ಅದನ್ನೂ ಅದರ ನಂತರದ್ದನ್ನೂ ಅಳಿಸಿ, ಆ ಜಾಗದಲ್ಲಿ ಇಂಗ್ಲಿಷಿನಲ್ಲೇ ‘ಕಾಪಿ’ ಎಂದು ಬರೆದು ಕಳಿಸಿ. ತೆರೆದವರಿಗೆ ತಮ್ಮದೇ ಡ್ರೈವಿನಲ್ಲಿ ಒಂದು ಪ್ರತಿ ಮಾಡಿಕೊಳ್ಳುವ ಗುಂಡಿ ಕಾಣುತ್ತದೆ. ಅವರು ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು, ನಿಮ್ಮ ಮೂಲ ಹಾಗೆಯೇ ಉಳಿಯುತ್ತದೆ. ಬೇಲೂರಿನ ಉದಾಹರಣೆ ಇಟ್ಟು ನಾನು ಮಾಡಿದ ಪಾಠದಲ್ಲಿ ಅರಸೀಕೆರೆಯ ಶಿಕ್ಷಕಿಯೊಬ್ಬರು ತಮ್ಮೂರಿನ ಈಶ್ವರ ದೇವಾಲಯದ ಚಿತ್ರಗಳನ್ನು ಸೇರಿಸಿಕೊಂಡಿದ್ದಾರೆ. ಅವರ ಮಕ್ಕಳಿಗೆ ಅದೇ ಹತ್ತಿರ.

ಕರೆಂಟ್ ಇಲ್ಲದ ದಿನ, ನೆಟ್‌ವರ್ಕ್ ಇಲ್ಲದ ದಿನ

ಆನ್‌ಲೈನ್ ಸ್ಲೈಡನ್ನು ತರಗತಿಯಲ್ಲಿ ತೋರಿಸಲು ಅಂತರ್ಜಾಲವನ್ನು ನಂಬಿಕೊಳ್ಳಬೇಡಿ. ವಿಚಿತ್ರವೆನಿಸಬಹುದು, ಆದರೆ ನಮ್ಮ ಕಡೆಗೆ ಇದೇ ಸರಿಯಾದ ಕ್ರಮ. ಅಂತರ್ಜಾಲ ಬೇಕಾಗಿರುವುದು ತಯಾರಿಗೆ ಮತ್ತು ಹಂಚಿಕೆಗೆ. ತೋರಿಸುವುದಕ್ಕೆ ಹಿಂದಿನ ಸಂಜೆಯೇ ಪಿಡಿಎಫ್ ಇಳಿಸಿ ಪೆನ್‌ಡ್ರೈವಿನಲ್ಲೂ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಪಿಪಿಟಿ ರೂಪದಲ್ಲಿ ಇಳಿಸಿದರೆ ಶಾಲೆಯ ಕಂಪ್ಯೂಟರಿನಲ್ಲಿ ಆ ಕನ್ನಡ ಅಕ್ಷರಶೈಲಿ ಇಲ್ಲದೆ ಸಾಲುಗಳು ಚದುರಬಹುದು. ಪಿಡಿಎಫ್ ಅಕ್ಷರಶೈಲಿಯನ್ನು ತನ್ನೊಳಗೇ ಹೊತ್ತು ಬರುತ್ತದೆ. ಚಲನೆಯ ಸೊಗಸುಗಳು ಅದರಲ್ಲಿ ಇರುವುದಿಲ್ಲ, ಅವು ಇಲ್ಲದೆಯೂ ಪಾಠ ನಡೆಯುತ್ತದೆ. ಸ್ಲೈಡಿನೊಳಗೆ ಯೂಟ್ಯೂಬ್ ವಿಡಿಯೊ ಸೇರಿಸಿದ್ದರೆ ಅದು ಅಂತರ್ಜಾಲವಿಲ್ಲದೆ ಓಡುವುದಿಲ್ಲ ಎಂಬುದು ನೆನಪಿರಲಿ.

ಕ್ರೋಮ್ ಬ್ರೌಸರಿನಲ್ಲಿ ಆಫ್‌ಲೈನ್ ಬಳಕೆಯ ಸೌಲಭ್ಯವಿದೆ. ಸ್ವಂತ ಲ್ಯಾಪ್‌ಟಾಪ್ ಇದ್ದವರು ಮನೆಯಲ್ಲಿ ಅಂತರ್ಜಾಲ ಇರುವಾಗ ಅದನ್ನು ಚಾಲೂ ಮಾಡಿಟ್ಟುಕೊಳ್ಳಬಹುದು. ಶಾಲೆಯ ಕಂಪ್ಯೂಟರಿನಲ್ಲಿ ಬೇಡ. ಹಲವರು ಬಳಸುವ ಯಂತ್ರದಲ್ಲಿ ನಿಮ್ಮ ಖಾತೆ ತೆರೆದೇ ಉಳಿದರೆ ನಿಮ್ಮ ಇಮೇಲ್, ಫೋಟೋಗಳೆಲ್ಲ ತೆರೆದೇ ಉಳಿದಂತೆ. ಅಲ್ಲಿ ಲಾಗಿನ್ ಆಗಲೇಬೇಕಾದರೆ ಕ್ರೋಮಿನ ಇನ್‌ಕಾಗ್ನಿಟೊ (ಮುಚ್ಚಿದ ಮೇಲೆ ಲಾಗಿನ್ ಉಳಿಸಿಕೊಳ್ಳದ) ಕಿಟಕಿಯಲ್ಲಿ ಆಗಿ, ಮುಗಿದ ಮೇಲೆ ಆ ಕಿಟಕಿ ಮುಚ್ಚಿ.

ಕರೆಂಟೇ ಇಲ್ಲದ ದಿನಕ್ಕೆ ಕಾಗದ. ಸ್ಲೈಡ್ಸಿನ ಮುದ್ರಣ ಪೂರ್ವನೋಟದಲ್ಲಿ ಒಂದು ಹಾಳೆಗೆ ಆರು ಸ್ಲೈಡ್ ಬರುವ ಆಯ್ಕೆ ಇದೆ. ಎರಡು ಹಾಳೆಯಲ್ಲಿ ಇಡೀ ಪಾಠ ಮುಗಿಯುತ್ತದೆ. ಐದು ಪ್ರತಿ ಮಾಡಿಸಿ ಗುಂಪಿಗೊಂದರಂತೆ ಕೊಟ್ಟರೆ ಮಕ್ಕಳು ತಲೆ ಸೇರಿಸಿ ನೋಡುತ್ತಾರೆ. ಕೆಲವು ಪಾಠಗಳು ಗೋಡೆಗಿಂತ ಹೀಗೆಯೇ ಚೆನ್ನಾಗಿ ನಡೆದಿವೆ.

ಮಕ್ಕಳೇ ಬರೆಯುವ ಸ್ಲೈಡುಗಳು

ನನ್ನ ಮಟ್ಟಿಗೆ ಆನ್‌ಲೈನ್ ಸ್ಲೈಡಿನ ನಿಜವಾದ ಶಕ್ತಿ ಇರುವುದು ಇಲ್ಲಿ. ಒಂದೇ ಕಡತದಲ್ಲಿ ಹಲವರು ಏಕಕಾಲಕ್ಕೆ ಬರೆಯಬಹುದು. ಕಪ್ಪುಹಲಗೆಗೂ ಪೆನ್‌ಡ್ರೈವಿಗೂ ಇದು ಸಾಧ್ಯವಿಲ್ಲ.

ನಾವು ಮಾಡಿದ್ದು ಮಳೆಯ ದಾಖಲೆ. ಕಾಫಿ ತೋಟಗಳಲ್ಲಿ ಮಳೆಮಾಪಕ ಇಟ್ಟು ಪ್ರತಿದಿನ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆಯುವ ಪದ್ಧತಿ ಮಲೆನಾಡಿನಲ್ಲಿ ಹಳೆಯದು. ಇಂಚು ಮತ್ತು ಸೆಂಟ್ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಅರಳಿಸುವ ಮಾರ್ಚ್, ಏಪ್ರಿಲ್ ತಿಂಗಳ ಹೂವಿನ ಮಳೆ ಎಷ್ಟು ಸೆಂಟ್ ಬಂತು ಎಂಬುದು ಬೆಳೆಗಾರರಿಗೂ ಕಾರ್ಮಿಕರಿಗೂ ದೊಡ್ಡ ಸುದ್ದಿ. ನಮ್ಮ ಮಕ್ಕಳಲ್ಲಿ ಹಲವರ ಅಪ್ಪ ಅಮ್ಮಂದಿರು ಇಂಥ ತೋಟಗಳಲ್ಲಿ ಕೆಲಸ ಮಾಡುವವರು. ಮಳೆಯ ಲೆಕ್ಕ ಅವರ ಮನೆಯ ಮಾತು, ಪಠ್ಯಪುಸ್ತಕದಲ್ಲಿ ಮಾತ್ರ ಅದು ಮಿಲಿಮೀಟರ್.

ನಾನು ಒಂದು ಖಾಲಿ ಮಾದರಿ ಸ್ಲೈಡ್ ಮಾಡಿದೆ: ಊರು, ವಾರ, ಪ್ರತಿದಿನದ ಮಳೆ ಇಂಚಿನಲ್ಲಿ, ಅದರ ಪಕ್ಕ ಮಿಲಿಮೀಟರಿನಲ್ಲಿ, ಕೆಳಗೆ ಒಂದು ಫೋಟೋ. ಒಂದು ಇಂಚೆಂದರೆ 25.4 ಮಿಲಿಮೀಟರ್ ಎಂಬುದಷ್ಟೇ ಸೂಚನೆ. ಆ ಸ್ಲೈಡನ್ನು ಹನ್ನೆರಡು ಬಾರಿ ನಕಲು ಮಾಡಿ, ಪ್ರತಿಯೊಂದರ ತಲೆಯ ಮೇಲೆ ಒಂದು ಗುಂಪಿನ ಹೆಸರು ಹಾಕಿದೆ. ನಿಮ್ಮ ಹೆಸರಿನ ಸ್ಲೈಡ್ ಬಿಟ್ಟು ಬೇರೆಯದನ್ನು ಮುಟ್ಟಬಾರದು ಎಂಬುದೊಂದೇ ನಿಯಮ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಗುಂಪುಗಳು ಸರದಿಯಂತೆ ಬಂದು ತುಂಬಿದವು. ಖಾತೆ ಇಲ್ಲದೆ ಲಿಂಕಿನಿಂದ ಬಂದವರನ್ನು ಗೂಗಲ್ ಯಾವುದೋ ಪ್ರಾಣಿಯ ಹೆಸರಿನಲ್ಲಿ ಮೇಲ್ಗಡೆ ತೋರಿಸುತ್ತದೆ, ಮಕ್ಕಳಿಗೆ ಅದೊಂದು ಖುಷಿ. ಮೊಬೈಲಿನಲ್ಲಿ ಬರೆಯಲು ಸ್ಲೈಡ್ಸ್ ಆ್ಯಪ್ ಮತ್ತು ಖಾತೆ ಎರಡೂ ಬೇಕಾಗುವುದರಿಂದ, ಮಕ್ಕಳ ಬರವಣಿಗೆಯನ್ನು ಶಾಲೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದು ಲೇಸು. ಬರೆಯುವ ಕೆಲಸ ಮುಗಿದ ದಿನವೇ ಲಿಂಕನ್ನು ‘ಎಡಿಟರ್’ನಿಂದ ‘ವ್ಯೂವರ್’ಗೆ ಇಳಿಸಿ.

ಆಮೇಲೆ ಕಡೂರಿನ ಗೆಳತಿಯೊಬ್ಬರ ತರಗತಿಯನ್ನೂ ಸೇರಿಸಿಕೊಂಡೆವು. ಕಡೂರು ಬಯಲುಸೀಮೆ, ನಮ್ಮಲ್ಲಿಂದ ಒಂದೇ ಹಗಲಿನಲ್ಲಿ ಹೋಗಿ ಬರಬಹುದಾದ ದೂರ. ಅವರ ಮಕ್ಕಳು ಅದೇ ಕಡತದ ಕೊನೆಯ ಸ್ಲೈಡುಗಳಲ್ಲಿ ತಮ್ಮೂರಿನ ಮಳೆ ಬರೆದರು. ಅಲ್ಲಿ ಮಳೆಮಾಪಕವಿಲ್ಲದ ಊರಿನ ಮಕ್ಕಳು ನೇರ ಅಂಚಿನ, ಚಪ್ಪಟೆ ತಳದ ಡಬ್ಬಿಯನ್ನು ಬಯಲಲ್ಲಿಟ್ಟು ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆದರು. ನಮ್ಮ ಸ್ಲೈಡುಗಳಲ್ಲಿ ದಿನಕ್ಕೆ ಮೂರು, ನಾಲ್ಕು ಇಂಚು. ಅದೇ ವಾರ ಅವರ ಸ್ಲೈಡುಗಳಲ್ಲಿ ಸೊನ್ನೆಯ ಪಕ್ಕ ಸೊನ್ನೆ. ‘ಮೇಡಂ, ಇವರು ಬರೆಯುವುದನ್ನು ಮರೆತಿದ್ದಾರೆ’ ಎಂದು ನಮ್ಮ ಹುಡುಗನೊಬ್ಬ ದೂರು ಹೇಳಿದ. ಆಗ ಪಶ್ಚಿಮ ಘಟ್ಟದ ಅಡ್ಡಕೊಯ್ತದ ಚಿತ್ರವನ್ನು ತೆರೆದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟವೇರುವಾಗ ತಣಿದು ಇಲ್ಲೇ ಸುರಿಯುತ್ತದೆ, ಆಚೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಮಳೆನೆರಳು ಎಂಬ ಪದವನ್ನು ಅದಕ್ಕೂ ಮೊದಲು ಎಷ್ಟೋ ತರಗತಿಗಳಿಗೆ ಕಲಿಸಿದ್ದೇನೆ. ಮಕ್ಕಳು ಅದನ್ನು ತಮ್ಮದೇ ಅಂಕಿಗಳಲ್ಲಿ ಕಂಡದ್ದು ಅಂದೇ.

ಮನೆಗೆ ತಲುಪಿಸುವ ಸಮಯ

ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕನ್ನು ಸಂಜೆ ಆರೂವರೆಯ ನಂತರ ಕಳಿಸಿ. ಬೆಳಿಗ್ಗೆ ಕಳಿಸಿದ್ದು ಸಂಜೆಯ ಹೊತ್ತಿಗೆ ಬೇರೆ ಸಂದೇಶಗಳಡಿ ಹೂತುಹೋಗಿರುತ್ತದೆ. ಬರೀ ಲಿಂಕ್ ಎಸೆಯಬೇಡಿ. ಯಾವ ಪಾಠ, ಎಷ್ಟು ಸ್ಲೈಡ್, ಯಾವ ಪ್ರಶ್ನೆಗೆ ಉತ್ತರ ಬರೆದು ತರಬೇಕು, ಇವಿಷ್ಟನ್ನು ಎರಡು ಸಾಲಿನಲ್ಲಿ ಕನ್ನಡದಲ್ಲಿ ಬರೆಯಿರಿ. ಲಿಂಕ್ ತೆರೆಯದ ಮೊಬೈಲಿಗಾಗಿ ಅದರ ಕೆಳಗೇ ಪಿಡಿಎಫ್ ಕೂಡ ಕಳಿಸಿ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಮನೆಯಲ್ಲೂ ನೋಡಬಹುದು. ಓದಲು ಬಾರದ ಪೋಷಕರಿರುವ ಮನೆಗಳಿಗಾಗಿ ಅದೇ ಮಾತನ್ನು ಅರ್ಧ ನಿಮಿಷದ ಧ್ವನಿ ಸಂದೇಶವಾಗಿಯೂ ಹಾಕುತ್ತೇನೆ. ತೋಟದ ಕೆಲಸ ಮುಗಿಸಿ ಬಂದ ತಾಯಿಯೊಬ್ಬರು ಅದನ್ನು ಕೇಳಿ, ‘ಮೇಡಂ ಹೇಳಿದ ಪಾಠ ತೆಗೆ’ ಎಂದು ಮಗಳಿಗೆ ಮೊಬೈಲ್ ಕೊಡುತ್ತಾರಂತೆ. ಲಿಂಕಿಗಿಂತ ಆ ಮಾತೇ ದೊಡ್ಡ ಅನುಮತಿ.

ಮೊಬೈಲೇ ಇಲ್ಲದ ಮನೆಯ ಮಕ್ಕಳ ಪಟ್ಟಿ ನಿಮ್ಮ ಬಳಿ ಇರಲಿ. ಅವರಿಗೆ ಆರು ಸ್ಲೈಡಿನ ಆ ಮುದ್ರಿತ ಹಾಳೆ ಕೇಳದೆಯೇ ತಲುಪಬೇಕು. ನಾನು ಅದನ್ನು ತರಗತಿಯ ಗ್ರಂಥಾಲಯದ ಕಡತದಲ್ಲಿ ಎಲ್ಲರಿಗೂ ಸಿಗುವಂತೆ ಇಡುತ್ತೇನೆ. ಮೊಬೈಲ್ ಇಲ್ಲದವರನ್ನು ಹೆಸರು ಹಿಡಿದು ಕರೆದು ಕೊಟ್ಟರೆ ಅವರಿಗೆ ನೋವಾಗುತ್ತದೆ.

ಚಿತ್ರದ ಹಕ್ಕು, ಮಕ್ಕಳ ಗುರುತು

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಕೃತಿಯನ್ನು ನಕಲು ಮಾಡಲು ಅವಕಾಶ ಕೊಡುತ್ತದೆ. ತರಗತಿಯೊಳಗೆ ತೋರಿಸುವುದು ಒಂದು, ಲೋಕಕ್ಕೆಲ್ಲ ತೆರೆದ ಲಿಂಕಿನಲ್ಲಿ ಇಡುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಒಳ್ಳೆಯ ಚಿತ್ರಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ತೆಗೆದವರ ಹೆಸರನ್ನೂ ಪರವಾನಗಿಯನ್ನೂ ಚಿತ್ರದ ಕೆಳಗೆ ಸಣ್ಣದಾಗಿ ಬರೆಯಿರಿ. ಮಕ್ಕಳು ಅದನ್ನು ಗಮನಿಸುತ್ತಾರೆ, ತಮ್ಮ ಸ್ಲೈಡಿನಲ್ಲೂ ಬರೆಯಲು ಕಲಿಯುತ್ತಾರೆ.

ಮಕ್ಕಳ ಮುಖ ಕಾಣುವ ಫೋಟೋ, ಪೂರ್ಣ ಹೆಸರು, ಫೋನ್ ಸಂಖ್ಯೆ, ಅಂಕಪಟ್ಟಿ ಇವು ತೆರೆದ ಲಿಂಕಿನ ಸ್ಲೈಡಿನಲ್ಲಿ ಇರಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಳೆಯ ಕಡತದಲ್ಲಿ ನಮ್ಮ ಗುಂಪುಗಳಿಗೆ ಇದ್ದದ್ದು ನದಿಗಳ ಹೆಸರು: ಹೇಮಾವತಿ, ಯಗಚಿ, ತುಂಗಾ, ಭದ್ರಾ, ವೇದಾವತಿ. ಫೋಟೋದಲ್ಲಿ ಮಳೆಮಾಪಕ ಮಾತ್ರ, ಹಿಡಿದ ಕೈ ಕಂಡರೆ ಕಂಡೀತು.

ವರ್ಗಾವಣೆಯಾದಾಗ

ಕೊನೆಗೆ ಯಾರೂ ಮುಂಚಿತವಾಗಿ ಯೋಚಿಸದ ವಿಷಯ. ಕಡತಗಳು ಇರುವುದು ನಿಮ್ಮ ಸ್ವಂತ ಖಾತೆಯಲ್ಲಿ. ನೀವು ಬೇರೆ ಊರಿಗೆ ಹೋಗಿ, ಜಾಗ ಸಾಲದೆಂದು ಹಳೆಯದನ್ನು ಅಳಿಸಿದ ದಿನ ಹಿಂದಿನ ಶಾಲೆಯ ಎಲ್ಲ ಲಿಂಕುಗಳೂ ಸತ್ತುಹೋಗುತ್ತವೆ. ಹಾಗಾಗಿ ಪಾಠಗಳನ್ನು ಮೊದಲಿನಿಂದಲೇ ತರಗತಿಗೊಂದು ಫೋಲ್ಡರಿನಲ್ಲಿ ಇಡಿ. ಕಡತಕ್ಕೆ ತರಗತಿ, ಪಾಠದ ಸಂಖ್ಯೆ, ಪಾಠದ ಹೆಸರು ಇದೇ ಕ್ರಮದಲ್ಲಿ ಹೆಸರು ಕೊಡಿ. ಏಪ್ರಿಲಿನಲ್ಲಿ, ಬೇಸಿಗೆ ರಜೆಗೆ ಹೊರಡುವ ಮುನ್ನ, ಪ್ರತಿ ಪಾಠದ ಪಿಡಿಎಫ್ ಮತ್ತು ಪಿಪಿಟಿ ಎರಡನ್ನೂ ಇಳಿಸಿ ಶಾಲೆಯ ಕಂಪ್ಯೂಟರಿನಲ್ಲಿ ಹಾಕಿ, ಒಂದು ಪೆನ್‌ಡ್ರೈವಿನಲ್ಲಿ ತುಂಬಿ ಮುಖ್ಯೋಪಾಧ್ಯಾಯರ ಕೈಗೆ ಕೊಡಿ. ನಿಮ್ಮ ಜಾಗಕ್ಕೆ ಬರುವ ಶಿಕ್ಷಕರಿಗೆ ‘ಕಾಪಿ’ ಲಿಂಕುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಆ ಪೆನ್‌ಡ್ರೈವಿನ ಜೊತೆಗೇ ಇಡಿ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ, ಅವರು ತಮ್ಮ ಖಾತೆಗೆ ನಕಲು ಮಾಡಿಕೊಂಡು ಹೊಸ ಲಿಂಕುಗಳನ್ನು ಪೋಷಕರ ಗುಂಪಿಗೆ ಕಳಿಸಿದ ಮೇಲೆ ನಿಮ್ಮ ಹಳೆಯ ಕಡತಗಳನ್ನು ಅಳಿಸಬಹುದು.